ಭೂಮಿಯೊಳಗಿನ ಮೇಷ್ಟ್ರು

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ‘ಹೂಂ’.

ಆ ‘ಹೂಂ’ ಅನ್ನು ಮೂರನೇ ಕ್ಲಾಸಿನ ಮೇಷ್ಟ್ರು ಯೋಚನೆ ಮಾಡಿ ಅಂದದ್ದಲ್ಲ. ಮಧ್ಯಾಹ್ನದ ಊಟದ ಮೇಲೆ ಹೆಡ್‌ಮೇಡಂ ಮೀಟಿಂಗ್ ಕರೆದರೆಂದರೆ ಅವರಿಗೆ ಕಣ್ಣು ಬಿಟ್ಟುಕೊಂಡೇ ತೂಕಡಿಸುವ ಅಭ್ಯಾಸ. ಯಾರಿಗೂ ಅನುಮಾನ ಬಾರದಿರಲೆಂದು ಗಂಟಲು ಆಗಾಗ ತಾನಾಗಿಯೇ ಒಂದು ‘ಹೂಂ’ ಹೊರಡಿಸುತ್ತಿತ್ತು. ವರ್ಷಗಟ್ಟಲೆಯಿಂದ ಈ ಏರ್ಪಾಡು ಯಾವ ತಂಟೆತಕರಾರಿಲ್ಲದೆ ನಡೆದುಕೊಂಡು ಬಂದಿತ್ತು. ಆದರೆ ಅವತ್ತು “ಹಾಗಾದ್ರೆ ಭೂಮಿ ನಿಮ್ಮ ಜವಾಬ್ದಾರಿ ತಾನೇ?” ಎಂದು ಹೆಡ್‌ಮೇಡಂ ಕೇಳಿದ ಹೊತ್ತಿಗೆ ಸರಿಯಾಗಿ ಗಂಟಲು ‘ಹೂಂ’ ಅಂದುಬಿಟ್ಟಿತು. ಚಪ್ಪಾಳೆಯ ಸದ್ದಿಗೆ ಎಚ್ಚೆತ್ತು ನೋಡಿದರೆ ಭೂಮಿಯ ಭಾರವೆಲ್ಲ ಅವರ ತಲೆಯ ಮೇಲೆ ಬಂದು ಕೂತಿತ್ತು.

ವಿಷಯ ಇಷ್ಟೇ. ಶಿಕ್ಷಣ ಇಲಾಖೆಗೆ ಹೊಸ ಸಾಹೇಬರೊಬ್ಬರು ಬಂದಿದ್ದರು. ಮಕ್ಕಳು ಪುಸ್ತಕ ಓದಿ ಕಲಿಯಬಾರದು, ಕೈಯಲ್ಲಿ ಮಾಡಿ ಕಲಿಯಬೇಕು ಎಂಬುದು ಅವರ ಹಟ. ಅವರು ಸ್ಕೂಲಿಗೆ ಬರುವ ದಿನ ಒಂದೊಂದು ಕ್ಲಾಸೂ ಏನಾದರೊಂದು ಮಾಡಿ ತೋರಿಸಬೇಕಾಗಿತ್ತು. ಊರಿನ ಬೇರೆ ಸ್ಕೂಲುಗಳನ್ನೆಲ್ಲ ಅವರು ನೋಡಿ ಮುಗಿಸಿದ್ದರು; ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ಸ್ಕೂಲಿಗೆ ಬಹುಮಾನವೂ ಇತ್ತು. ಒಂದನೇ ಕ್ಲಾಸಿನವರು ಮಣ್ಣಿನ ಹಣ್ಣು ಮಾಡುವುದನ್ನು ಆರಿಸಿಕೊಂಡರು. ಎರಡನೇ ಕ್ಲಾಸಿಗೆ ಆಟದ ಅಂಗಡಿ. ನಾಲ್ಕನೆಯವರು ಅಂಗಳದಲ್ಲಿ ಒಂದು ಕೋಲು ನೆಟ್ಟು ಅದರ ನೆರಳು ನೋಡಿ ಗಂಟೆ ಹೇಳುವುದೆಂದಾಯಿತು. ಒಂದು ಕೋಲು! ಮೂರನೇ ಕ್ಲಾಸಿಗೆ ಮಾತ್ರ ಇಡೀ ಭೂಮಿ.

‘ಚೆಂಡಿಗೆ ಬಣ್ಣ ಬಳಿದರಾಯಿತು’ ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಹೆಡ್‌ಮೇಡಂ ಆ ಸಮಾಧಾನವನ್ನೂ ಉಳಿಸಲಿಲ್ಲ. “ಚೆಂಡು ಗಿಂಡು ಅಂದ್ರೆ ನಾನು ಒಪ್ಪಲ್ಲ ಮೇಷ್ಟ್ರೇ. ಗೇಟಲ್ಲಿ ನಿಂತು ನೋಡಿದ್ರೆ ಕಿಟಕೀಲಿ ಕಾಣ್ಬೇಕು, ಅಷ್ಟು ದೊಡ್ಡದಿರ್ಲಿ!”

ಹೀಗೆ ಬಿದಿರಿನ ದಬ್ಬೆಗಳನ್ನು ಬಗ್ಗಿಸಿ ಕಟ್ಟಿ, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಹಳೇ ಪೇಪರನ್ನು ಪದರ ಪದರವಾಗಿ ಮೆತ್ತಿ, ಕ್ಲಾಸಿನ ಮೂಲೆಯಲ್ಲಿ ಭೂಮಿ ತಯಾರಾಗತೊಡಗಿತು. ಮೊದಲು ಕುಂಬಳಕಾಯಿಯಷ್ಟಿತ್ತು ಎಂದು ಹೇಳುವ ಹಾಗೂ ಇಲ್ಲ. ಅದು ಹುಟ್ಟುವಾಗಲೇ ಮೇಷ್ಟ್ರ ಎತ್ತರವಿತ್ತು. ಮಕ್ಕಳಿಗೋ ಹಬ್ಬವೋ ಹಬ್ಬ. ಮೊಣಕೈವರೆಗೆ ಅಂಟು, ಮೂಗಿನ ತುದಿಗೆ ನೀಲಿ ಬಣ್ಣ. ಗುಂಡ ಎಂದು ಎಲ್ಲರೂ ಕರೆಯುವ ಹುಡುಗ ಸಮುದ್ರದ ನಟ್ಟನಡುವೆ ಹೆಂಚಿನ ಮನೆಯೊಂದನ್ನು ಬರೆದು “ಇದು ನಮ್ಮನೆ ಸಾರ್” ಅಂದ. “ಮುಳುಗಿ ಹೋಗ್ತೀರಲ್ಲೋ!” ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. “ಇಲ್ಲ ಸಾರ್, ನಾವು ಮೇಲಿನ ಮಹಡೀಲಿರೋದು” ಎಂದು ಉತ್ತರ ಬಂತು.

ಸಲಹೆ ಕೊಡುವವರಿಗಂತೂ ಬರವಿರಲಿಲ್ಲ. ಡ್ರಾಯಿಂಗ್ ಮೇಡಂ ದಿನಾ ಬಂದು ತಲೆ ಓರೆ ಮಾಡಿ ನಿಂತು, “ನಿಮ್ಮ ಸಮುದ್ರಕ್ಕೆ ಜಾಂಡೀಸ್ ಆದ ಹಾಗಿದೆಯಲ್ಲ?” ಎನ್ನುತ್ತಿದ್ದರು. ಲೆಕ್ಕದ ಮೇಷ್ಟ್ರು ಟೇಪು ಹಿಡಿದು ಪರ್ವತಗಳನ್ನು ಅಳೆದು, “ನಿಮ್ಮ ಪ್ರಮಾಣದಲ್ಲಿ ನಿಜವಾದ ಪರ್ವತ ಇದ್ದಿದ್ರೆ ವಿಮಾನಗಳೆಲ್ಲ ಡಿಕ್ಕಿ ಹೊಡೀತಿದ್ವು” ಎಂದು ಘೋಷಿಸಿ ಹೋದರು. ಒಬ್ಬರೂ ಒಂದು ಚೂರು ಪೇಪರ್ ಮೆತ್ತಲಿಲ್ಲ.

ಅಂತೂ ಸಾಹೇಬರು ಬರುವ ದಿನ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಷ್ಟ್ರು ಕ್ಲಾಸಿನ ಬಾಗಿಲು ತೆಗೆದವರು ಹಾಗೇ ನಿಂತುಬಿಟ್ಟರು. ಭೂಮಿಯ ಮುಖ್ಯವಾದ ಮಗ್ಗುಲಲ್ಲಿ, ಎಲ್ಲರ ಕಣ್ಣು ಮೊದಲು ಬೀಳುವ ಕಡೆಯೇ, ಒಂದು ತಗ್ಗು. ಆನೆ ಒರಗಿದ ಹಾಗೆ ಒಂದು ಸಮುದ್ರ ಪೂರ್ತಿ ಒಳಗೆ ಕುಸಿದಿತ್ತು.

“ಯಾರು ಮಾಡಿದ್ದು ಇದನ್ನ?”

“ನಾನು ಏನೂ ಮಾಡಿಲ್ಲ ಸಾರ್” ಎಂದು ಜವಾನ ಮುಂದೆ ಬಂದ. “ಫ್ಯಾನ್ ಒರೆಸೋಕೆ ಏಣಿ ತಂದಿದ್ದೆ. ಗೋಡೆಗೆ ಒರಗಿಸಿದ್ರೆ ಸುಣ್ಣ ಹೋಗತ್ತೆ ಅಂತ ಮೇಡಂ ಬೈತಾರೆ. ಅದಕ್ಕೇ ಇದಕ್ಕೆ ಒರಗಿಸಿದೆ.”

ಬೈಯುವುದಕ್ಕೂ ಪುರಸೊತ್ತಿರಲಿಲ್ಲ. ಸಾಹೇಬರು ಬರುವುದು ಮಧ್ಯಾಹ್ನದ ಮೇಲೆ ಎಂಬುದೊಂದೇ ಧೈರ್ಯ. ತಗ್ಗನ್ನು ಹೊರಗಿನಿಂದ ಎಳೆಯುವ ಹಾಗಿಲ್ಲ. ಒಳಗಿನಿಂದ ತಳ್ಳಿ, ದಬ್ಬೆಯನ್ನು ಬಿಗಿಯಾಗಿ ಕಟ್ಟಬೇಕು. ಭೂಮಿಯ ಹಿಂಭಾಗದಲ್ಲಿ, ಗೋಡೆಯ ಕಡೆಗೆ, ಒಬ್ಬರು ತೂರುವಷ್ಟು ಕಿಂಡಿ ಬಿಟ್ಟಿದ್ದರು. ಮಕ್ಕಳೆಲ್ಲ “ನಾನು ಹೋಗ್ತೀನಿ, ನಾನು ಹೋಗ್ತೀನಿ” ಎಂದು ಹಾರಾಡಿದರು. ಯಾರದೋ ಮಗು ಒಳಗೆ ಸಿಕ್ಕಿಕೊಂಡು, ಅದರಮ್ಮ ಗೇಟಿನಲ್ಲಿ ಬಂದು ನಿಂತ ಚಿತ್ರ ಮೇಷ್ಟ್ರ ಕಣ್ಣಿಗೆ ಕಟ್ಟಿತು. ಬೇಡವೇ ಬೇಡ ಎಂದು ತಾವೇ ಅಂಗಿಯ ತೋಳು ಮಡಚಿ, ಹಗ್ಗದ ತುಂಡೊಂದನ್ನು ಬಾಯಲ್ಲಿ ಕಚ್ಚಿ, ಬಿಲ ಹೊಗುವ ಹೆಗ್ಗಣದ ಹಾಗೆ ಒಳಗೆ ತೂರಿಕೊಂಡರು.

ಕೆಲಸವೇನೋ ಚೆನ್ನಾಗಿಯೇ ಆಯಿತು. ಭುಜ ಕೊಟ್ಟು ಒಂದು ಸಲ ನೂಕಿದ್ದೇ ತಡ, ಸಮುದ್ರ ‘ಡಬ್’ ಎಂದು ಉಬ್ಬಿ ಮೊದಲಿನ ಹಾಗಾಯಿತು. ಹೊರಗೆ ಮಕ್ಕಳು “ಹೋ!” ಎಂದರು. ಆದರೆ ಭೂಮಿಯನ್ನು ಕೂರಿಸಿದ್ದು ಲಾರಿಯ ಹಳೇ ಟೈರಿನ ಮೇಲೆ. ಮೇಷ್ಟ್ರು ದಬ್ಬೆ ಕಟ್ಟಿ ಹಿಂದೆ ಸರಿದರೋ ಇಲ್ಲವೋ, ಅವರ ಭಾರಕ್ಕೆ ಭೂಮಿ ಗರಕ್ಕನೆ ಹೊರಳಿತು. ಹಿಂಭಾಗದ ಕಿಂಡಿ ಅಡಿಗೆ ಹೋಗಿ ಟೈರಿನೊಳಗೆ ಭದ್ರವಾಗಿ ಕೂತಿತು. ಮೇಷ್ಟ್ರು ಅದರ ಮೇಲೆ ಧೊಪ್ಪನೆ ಕೂತರು. ಸುತ್ತ ಕತ್ತಲೆ, ಹುಳಿ ಹಿಡಿದ ಅಂಟಿನ ವಾಸನೆ, ಕಾಲ ಕೆಳಗೆ ಸ್ಕೂಲಿನ ನೆಲ.

“ಸಾರ್, ಭೂಮಿ ತಿರುಗಿತು!” ಎಂದು ಗುಂಡ ಕೂಗಿದ.

“ಅದು ಯಾವಾಗ್ಲೂ ತಿರುಗ್ತಾನೇ ಇರತ್ತೆ ಕಣೋ” ಎಂದಿತು ಇನ್ನೊಂದು ದನಿ. ಅದು ಕ್ಲಾಸ್ ಲೀಡರ್ ಹುಡುಗಿಯದು. ಮೇಷ್ಟ್ರು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸುವ, ಬೇರೆಯವರೂ ಪಾಲಿಸುವಂತೆ ನೋಡಿಕೊಳ್ಳುವ ಆ ಹುಡುಗಿಗೆ ಎಲ್ಲರೂ ಲೀಡರಮ್ಮ ಎನ್ನುತ್ತಿದ್ದರು. “ಸಾರ್, ಹೊರಗೆ ಬನ್ನಿ ಸಾರ್.”

“ಬರೋಕಾಗ್ತಾ ಇಲ್ಲ. ಎಲ್ಲರೂ ಸೇರಿ ಒಂದು ಕಡೆಯಿಂದ ಎತ್ತಿ ನೋಡೋಣ.”

ಮಕ್ಕಳು ಮುಕ್ಕಿರಿದರು. ಭೂಮಿ ಅಲುಗಲಿಲ್ಲ. ಅಡ್ಡಾದಿಡ್ಡಿ ನೂಕಿದ್ದರಿಂದ ಮೇಷ್ಟ್ರ ಮೊಣಕೈ ತರಚಿದ್ದೊಂದೇ ಲಾಭ. “ಜವಾನನ್ನ ಕರೀರಿ” ಎಂದು ಅವರು ಹೇಳುವಷ್ಟರಲ್ಲಿ ಕಾರಿಡಾರಿನಲ್ಲಿ ಬೂಟಿನ ಸದ್ದು, ಅದರ ಹಿಂದೆಯೇ ಹೆಡ್‌ಮೇಡಂ ಅತಿಥಿಗಳಿಗೆಂದೇ ಎತ್ತಿಟ್ಟ ಜೇನಿನಂಥ ದನಿ: “ಬೆಳಿಗ್ಗೇನೇ ಬಂದು ಸಂತೋಷ ಕೊಟ್ರಿ ಸಾರ್! ಇದೇ ನಮ್ಮ ಮೂರನೇ ಕ್ಲಾಸು.”

ಹರಿದುಕೊಂಡು ಹೊರಗೆ ಬಂದರೆ ಇಷ್ಟು ದಿನದ ಕೆಲಸ ಮಣ್ಣುಪಾಲು. ಬಾಗಿಲು ತೆರೆಯುವ ಮುನ್ನ ಮೇಷ್ಟ್ರು ಪೇಪರಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು: “ಲೀಡರಮ್ಮಾ, ನಾನು ಒಳಗಿದ್ದೀನಿ ಅಂತ ಯಾರೂ ಬಾಯಿ ಬಿಡ್ಬಾರ್ದು. ತಿಳೀತಾ?”

“ಸರಿ ಸಾರ್. ಏಯ್, ಎಲ್ಲರೂ ಬಾಯಿ ಮುಚ್ಚಿ!”

ಸಾಹೇಬರು ಒಳಗೆ ಬಂದವರೇ “ಅಬ್ಬಬ್ಬಾ!” ಎಂದು ನಿಂತರು. ಮೇಷ್ಟ್ರಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಆ ‘ಅಬ್ಬಬ್ಬಾ’ ಕಿವಿಗೆ ಬಿದ್ದು, ತರಚಿದ ಮೊಣಕೈಯ ಉರಿ ಸ್ವಲ್ಪ ಕಡಿಮೆಯಾಯಿತು.

“ರಾತ್ರಿ ಹಗಲು ಹೇಗಾಗತ್ತೆ, ಯಾರು ಹೇಳ್ತೀರಾ?”

“ಹೇಳಲ್ಲ ಸಾರ್, ಮಾಡಿ ತೋರಿಸ್ತೀವಿ” ಎಂದಳು ಲೀಡರಮ್ಮ. ಕಿಟಕಿಗಳನ್ನು ಮುಚ್ಚಿದ ಸದ್ದಾಯಿತು. ಗುಂಡ ಟಾರ್ಚು ಹಿಡಿದು, ತಾನೇ ಸೂರ್ಯನಾಗಿ ಭೂಮಿಯ ಸುತ್ತ ನಡೆಯತೊಡಗಿದ. “ನಿಜವಾಗಿ ಭೂಮಿ ತಿರುಗೋದು ಸಾರ್. ಆದ್ರೆ ಇದು ಇವತ್ತು ತುಂಬಾ ಭಾರ ಆಗಿದೆ. ಅದಕ್ಕೇ ಸೂರ್ಯನೇ ತಿರುಗ್ತಿದ್ದಾನೆ.”

ಒಳಗೆ ಕೂತ ಮೇಷ್ಟ್ರಿಗೆ ಆಗ ಯಾರಿಗೂ ಕಾಣದ್ದೊಂದು ಕಂಡಿತು. ಟಾರ್ಚಿನ ಬೆಳಕು ಪೇಪರನ್ನು ತೂರಿ ಬಂದು, ಒಂದು ಮಗ್ಗುಲಿನಿಂದ ಮೆಲ್ಲಗೆ ಬೆಳಗುತ್ತಾ ಸಾಗಿತು. ದಬ್ಬೆಗಳ ನೆರಳು, ಹಳೇ ಪೇಪರಿನ ತಲೆಕೆಳಗಾದ ಅಕ್ಷರಗಳು, ಅಂಟು ಒಣಗುವ ಮೊದಲು ಒತ್ತಿದ ಪುಟ್ಟ ಪುಟ್ಟ ಬೆರಳುಗಳ ಗುರುತು. ಒಂದೊಂದೂ ಬೆಳಗಾಗಿ, ಒಂದೊಂದೂ ಕತ್ತಲಾಯಿತು. ಎಷ್ಟೋ ವರ್ಷದಿಂದ ಹಗಲು ರಾತ್ರಿಯ ಪಾಠವನ್ನು ಬೋರ್ಡಿನ ಮೇಲೆ ಎರಡು ವೃತ್ತ ಎಳೆದು ಮುಗಿಸಿದ್ದರು. ತಮಗೇ ಅದು ಅರ್ಥವಾಗಿದ್ದು ಇವತ್ತು ಎನ್ನಿಸಿತು. ಅದರ ಬೆನ್ನಿಗೇ, ಬೆಳಕಿನಲ್ಲಿ ತೇಲುತ್ತಿದ್ದ ಪೇಪರಿನ ಧೂಳು ಮೂಗಿಗೆ ಹೊಕ್ಕು, ತಡೆಯಲಾಗದೆ ಸೀನು ಬಂದೇಬಿಟ್ಟಿತು.

“ಆ... ಆಕ್ಷೀ!”

ಸೂರ್ಯ ನಡೆಯುವುದನ್ನು ನಿಲ್ಲಿಸಿದ.

“ಯಾರದು ಸೀನಿದ್ದು?” ಎಂದರು ಸಾಹೇಬರು.

ಲೀಡರಮ್ಮ ಸುಳ್ಳು ಹೇಳುವ ಹುಡುಗಿಯಲ್ಲ. ಮೇಷ್ಟ್ರ ಮಾತು ಮೀರುವವಳೂ ಅಲ್ಲ. ಒಂದು ಕ್ಷಣ ಯೋಚಿಸಿ, “ಭೂಮಿಯಿಂದ ಬಂತು ಸಾರ್” ಎಂದಳು.

“ಭೂಮಿ ಸೀನತ್ತಾ?”

“ಮಾತೂ ಆಡತ್ತೆ ಸಾರ್” ಎಂದ ಗುಂಡ ಹೆಮ್ಮೆಯಿಂದ.

ಒಳಗೆ ಮೇಷ್ಟ್ರು ಹಣೆ ಹಣೆ ಚಚ್ಚಿಕೊಳ್ಳಬೇಕೆಂದರೂ ಕೈ ಎತ್ತಲು ಜಾಗವಿರಲಿಲ್ಲ. ಸಾಹೇಬರ ದನಿ ಹತ್ತಿರ ಬಂತು. ಭೂಮಿಗೆ ಕಿವಿಗೊಟ್ಟು ನಿಂತ ಹಾಗಿತ್ತು. “ಎಲ್ಲಿ, ಹೇಳು ನೋಡೋಣ. ನಿನ್ನ ಮೇಲೆ ನೆಲ ಜಾಸ್ತಿಯೋ ನೀರು ಜಾಸ್ತಿಯೋ?”

ಸುಮ್ಮನಿದ್ದರೆ ಮಕ್ಕಳು ಸುಳ್ಳರಾಗುತ್ತಾರೆ. ಮೇಷ್ಟ್ರು ಗಡಿಗೆಯೊಳಗೆ ಬಾಯಿಟ್ಟವರ ಹಾಗೆ ದನಿ ದಪ್ಪ ಮಾಡಿ, “ನೀ...ರು” ಅಂದರು.

“ಭಲೇ! ಒಳಗೇನೋ ಯಂತ್ರ ಇಟ್ಟಿದ್ದಾರೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡತ್ತಲ್ರೀ ಇದು!” ಸಾಹೇಬರಿಗೆ ಚಿಕ್ಕ ಮಕ್ಕಳ ಉತ್ಸಾಹ ಬಂದುಬಿಟ್ಟಿತು. “ಸರಿ, ಆಕಾಶದಲ್ಲಿ ತೇಲ್ತಾ ಇದ್ದೀಯಲ್ಲ, ಯಾಕೆ ಕೆಳಗೆ ಬೀಳಲ್ಲ?”

“ಬೀಳೋಕೆ ಜಾಗ ಇಲ್ಲ ಸಾರ್” ಎಂದರು ಮೇಷ್ಟ್ರು, ಇದ್ದ ವಿಷಯವನ್ನೇ.

“ಸಾರ್ ಅಂತ ಬೇರೆ ಅನ್ನತ್ತೆ! ಎಂಥ ಶಿಸ್ತು!” ಸಾಹೇಬರು ಬೋರ್ಡಿನ ಹತ್ತಿರವಿದ್ದ ಕೋಲು ತೆಗೆದುಕೊಂಡು ಭೂಮಿಯನ್ನು ಅಲ್ಲಲ್ಲಿ ಒತ್ತತೊಡಗಿದರು. “ಯಂತ್ರ ಎಲ್ಲಿಟ್ಟಿರ್ಬಹುದು? ಇಲ್ಲೇನಾ? ಇಲ್ಲೇನಾ?” ಒಂದು ಪರ್ವತದ ಬುಡದಲ್ಲಿ ಒತ್ತಿದ ಕೋಲು ನೇರ ಮೇಷ್ಟ್ರ ಪಕ್ಕೆಗೆ ನಾಟಿತು.

“ಅಯ್ಯೋ!”

“ಇದೇನಿದು?”

“ಭೂಕಂಪ ಸಾರ್” ಎಂದಳು ಲೀಡರಮ್ಮ.

ಅಷ್ಟರಲ್ಲಿ ಹೆಡ್‌ಮೇಡಂ ಮೇಷ್ಟ್ರಿಗಾಗಿ ಸುತ್ತಮುತ್ತ ಹುಡುಕಾಡಿ ಬೆವರುತ್ತಿದ್ದರು. ಆ ‘ಅಯ್ಯೋ’ ಕೇಳಿದ್ದೇ ಅವರ ಬೆವರು ತಣ್ಣಗಾಯಿತು. ಸೋರುವ ಕ್ಲಾಸು ಕೊಟ್ಟಾಗ, ಹೊಸ ಕುರ್ಚಿ ಕೊಡದಿದ್ದಾಗ, ಎಷ್ಟು ಸಲ ಅವರು ಆ ‘ಅಯ್ಯೋ’ ಕೇಳಿಲ್ಲ!

“ಮೇಡಂ, ಇದನ್ನ ಮಾಡಿಸಿದ ಮೇಷ್ಟ್ರು ಎಲ್ಲಿ?” ಎಂದರು ಸಾಹೇಬರು. “ಅವರ ಕೈ ಕುಲುಕ್ಬೇಕು.”

“ಅವರಾ... ಅವರು...” ಹೆಡ್‌ಮೇಡಂ ರಾಗ ಎಳೆದರು.

“ಬೆಳಿಗ್ಗೆಯಿಂದ ಸ್ಟಾಫ್ ರೂಮಲ್ಲಿ ಕಾಣಿಸ್ಲೇ ಇಲ್ಲ ಸಾರ್” ಎಂದು ಡ್ರಾಯಿಂಗ್ ಮೇಡಂ ಬಾಗಿಲಲ್ಲಿ ನಿಂತೇ ಉಪಕಾರ ಮಾಡಿದರು.

“ಹೌದು ಸಾರ್. ಇವತ್ತು ಅವರು ಬಂದಿಲ್ಲ” ಎಂದುಬಿಟ್ಟರು ಹೆಡ್‌ಮೇಡಂ.

“ರಜೆಗೆ ಬರೆದುಕೊಟ್ಟಿದ್ದಾರಾ?”

“ಇಲ್ಲ ಸಾರ್.”

ಸಾಹೇಬರ ದನಿ ಒಮ್ಮೆಲೇ ಬೇರೆಯಾಯಿತು. “ನಾನು ಬರೋ ದಿನಾನೇ ಹೇಳದೆ ಕೇಳದೆ ಚಕ್ಕರ್ ಹೊಡೆದಿದ್ದಾನಾ? ಮಕ್ಕಳು ಇಷ್ಟು ಕಷ್ಟಪಟ್ಟು ನಿಂತಿದ್ದಾರೆ, ಈ ಮಹಾನುಭಾವ ಮನೇಲಿ ಮಲಗಿದ್ದಾನಾ?”

ಒಳಗೆ ಮೇಷ್ಟ್ರಿಗೆ ರಕ್ತ ಕುದಿಯಿತು. ಮಲಗುವುದಿರಲಿ, ಕಾಲು ಚಾಚಿ ಎಷ್ಟು ಹೊತ್ತಾಯಿತೋ! ದನಿ ದಪ್ಪ ಮಾಡುವುದನ್ನೂ ಮರೆತು ಕೂಗಿದರು: “ಇಲ್ಲ ಸಾರ್! ಮೇಷ್ಟ್ರು ಬಂದಿದ್ದಾರೆ ಸಾರ್! ಎಲ್ಲರಿಗಿಂತ ಮೊದಲು ಬಂದಿದ್ದಾರೆ. ತುಂಬಾ ಒಳ್ಳೆಯವರು ಸಾರ್, ತಿಂಡಿ ಕೂಡ ತಿಂದಿಲ್ಲ!”

ಸಾಹೇಬರು ಭೂಮಿಯನ್ನೊಮ್ಮೆ, ಹೆಡ್‌ಮೇಡಂ ಮುಖವನ್ನೊಮ್ಮೆ ನೋಡಿದರು.

“ನೋಡಿದ್ರಾ ಮೇಡಂ? ತಾನು ಚಕ್ಕರ್ ಹೊಡೆದು, ಯಂತ್ರಕ್ಕೂ ಸುಳ್ಳು ಹೇಳೋದು ಕಲಿಸಿಟ್ಟು ಹೋಗಿದ್ದಾನೆ! ಆಫೀಸಿಗೆ ನಡೀರಿ. ಭೂಮಿ ವಿಷಯ ಬೇರೆ, ಈ ಮನುಷ್ಯನ ವಿಷಯ ಬೇರೆ. ಎರಡನ್ನೂ ಇವತ್ತೇ ತೀರ್ಮಾನ ಮಾಡ್ತೀನಿ.”

ಬೂಟಿನ ಸದ್ದು ದೂರವಾಯಿತು.

“ಸಾರ್,” ಎಂದಳು ಲೀಡರಮ್ಮ ಪೇಪರಿನ ಹತ್ತಿರ ಬಂದು, “ನಾವು ಯಾರೂ ಬಾಯಿ ಬಿಡ್ಲಿಲ್ಲ ಸಾರ್.”

“ಗೊತ್ತಾಯ್ತಮ್ಮಾ” ಎಂದರು ಮೇಷ್ಟ್ರು.

ಸಾಹೇಬರ ಕಾರು ಹೊರಟುಹೋದ ಮೇಲೆ ಹೆಡ್‌ಮೇಡಂ ಜವಾನನನ್ನೂ ಲೆಕ್ಕದ ಮೇಷ್ಟ್ರನ್ನೂ ಎಳೆದುಕೊಂಡು ಓಡಿಬಂದರು. ಎಲ್ಲರೂ ಸೇರಿ ಭೂಮಿಯನ್ನು ಓರೆ ಮಾಡಿದ್ದಾಯಿತು. “ಇಷ್ಟು ಭಾರ ಇರೋಕೆ ಸಾಧ್ಯವೇ ಇಲ್ಲ, ನನ್ನ ಲೆಕ್ಕದ ಪ್ರಕಾರ...” ಎಂದು ಲೆಕ್ಕದ ಮೇಷ್ಟ್ರು ಶುರು ಮಾಡುವಷ್ಟರಲ್ಲಿ ಕಿಂಡಿಯಿಂದ ಎರಡು ಕಾಲು, ಅದರ ಹಿಂದೆ ಸುಕ್ಕುಸುಕ್ಕಾದ ಅಂಗಿ, ಕೊನೆಗೆ ತಲೆತುಂಬಾ ಪೇಪರಿನ ಚೂರು ಅಂಟಿಸಿಕೊಂಡ ಮೂರನೇ ಕ್ಲಾಸಿನ ಮೇಷ್ಟ್ರು ಹೊರಬಂದರು. ಇಸ್ತ್ರಿಯ ಗುರುತೂ ಉಳಿದಿರಲಿಲ್ಲ.

“ಅಭಿನಂದನೆಗಳು ಮೇಷ್ಟ್ರೇ!” ಎಂದರು ಹೆಡ್‌ಮೇಡಂ. “ಎಲ್ಲಾ ಸ್ಕೂಲಿಗಿಂತ ನಮ್ಮದೇ ಫಸ್ಟು! ಅಂಥ ಭೂಮಿ ಇನ್ನೆಲ್ಲೂ ಇಲ್ಲ ಅಂತ ಸಾಹೇಬ್ರು ಹೇಳಿಹೋದ್ರು.”

ಮಕ್ಕಳು ಬೆಂಚು ಕುಟ್ಟಿ ಕುಣಿಯತೊಡಗಿದರು. ಗುಂಡ ಇಬ್ಬರ ಕೈ ಹಿಡಿದು ಗಿರಗಿರನೆ ತಿರುಗುತ್ತಿದ್ದ.

“ಅದೆಲ್ಲ ಸರಿ ಮೇಡಂ. ನಾನು ಬಂದಿಲ್ಲ ಅಂದುಬಿಟ್ರಲ್ಲ, ಅದನ್ನ ಮೊದಲು ಸರಿಪಡಿಸಿ. ಒಳಗಿದ್ದೆ ಅಂತ ಹೇಳಿ.”

“ಹೇಳ್ಬಹುದು” ಎಂದು ಹೆಡ್‌ಮೇಡಂ ದನಿ ತಗ್ಗಿಸಿದರು. “ಹೇಳಿದ್ರೆ ಸಾಹೇಬ್ರಿಗೆ ನಾವೆಲ್ಲ ಸೇರಿ ಟೋಪಿ ಹಾಕಿದ ಹಾಗಾಗತ್ತೆ. ಬಹುಮಾನ ವಾಪಸ್. ಈ ಮಕ್ಕಳಿಗೆ ನೀವೇ ಹೇಳ್ತೀರಾ?”

ಮೇಷ್ಟ್ರು ಕುಣಿಯುತ್ತಿದ್ದ ಮಕ್ಕಳನ್ನು ನೋಡಿದರು. ಇನ್ನೂ ಮೊಣಕೈವರೆಗೆ ಅಂಟು, ಮೂಗಿನ ತುದಿಗೆ ನೀಲಿ. ಒಂದು ದೊಡ್ಡ ಉಸಿರು ಬಿಟ್ಟು, “ಬಿಡಿ ಮೇಡಂ. ಹೊಟ್ಟೆನೋವಿತ್ತು ಅಂತ ನಾಳೆ ಬಂದು ಬರ್ಕೊಡ್ತೀನಿ” ಎಂದರು.

“ನಾಳೆ ನೀವು ಬರೋ ಹಾಗಿಲ್ಲ ಮೇಷ್ಟ್ರೇ. ಒಂದು ವಾರ ನಿಮ್ಮನ್ನ ಅಮಾನತು ಮಾಡಿದ್ದಾರೆ. ಗೇಟಿನೊಳಗೆ ಕಾಲಿಡ್ಬಾರ್ದು ಅಂತ ಸಾಹೇಬ್ರ ಆರ್ಡರ್.”

ಹೆಡ್‌ಮೇಡಂ ಒಂದು ಕೂಗಾಟವನ್ನೇ ನಿರೀಕ್ಷಿಸಿದ್ದರು. ಆದರೆ ಮೇಷ್ಟ್ರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಹರಡಿತು. ಒಂದು ವಾರ! ಮೀಟಿಂಗ್ ಇಲ್ಲ, ಅಂಟಿಲ್ಲ, ಡ್ರಾಯಿಂಗ್ ಮೇಡಂ ಇಲ್ಲ. ಮಂಚ, ಹೊದಿಕೆ, ಮಧ್ಯಾಹ್ನದ ನಿದ್ದೆ, ಅದೂ ಕಣ್ಣು ಮುಚ್ಚಿಕೊಂಡು.

“ಆಯ್ತು ಮೇಡಂ, ಆರ್ಡರ್ ಅಂದ್ರೆ ಆರ್ಡರ್ರೇ” ಎಂದು ಅವರು ತಲೆಯ ಪೇಪರು ಕೊಡವಿಕೊಂಡು ಬಾಗಿಲ ಕಡೆ ಹೊರಟರು. “ಇನ್ನೊಂದು ವಾರ ನನ್ನ ಮುಖ ಯಾರಿಗೂ ತೋರಿಸಲ್ಲ.”

“ಅದನ್ನೇ ನಾನೂ ಹೇಳೋಕೆ ಹೊರಟಿದ್ದೆ” ಎಂದು ಹೆಡ್‌ಮೇಡಂ ಅವರ ತೋಳು ಹಿಡಿದು ನಿಲ್ಲಿಸಿದರು. “ಭೂಮಿ ಈ ಬಾಗಿಲಲ್ಲಿ ಹಿಡಿಸಲ್ಲ ಅಂತ ಇಲ್ಲೇ ಒಂದು ವಾರ ಪ್ರದರ್ಶನ ಇಟ್ಟಿದ್ದಾರೆ. ಎಲ್ಲಾ ಸ್ಕೂಲಿನ ಮಕ್ಕಳೂ ಬರ್ತಾರೆ. ಉಸ್ತುವಾರಿ ಡ್ರಾಯಿಂಗ್ ಮೇಡಮ್ಮಿಗೆ ವಹಿಸಿದ್ದಾಯ್ತು, ನೀವು ಅದರ ಚಿಂತೆ ಬಿಡಿ. ನೀವು ಬೆಳಿಗ್ಗೆ ಗೇಟ್ ತೆಗೆಯೋಕೆ ಮುಂಚೆ ಹಿಂದಿನ ಕಾಂಪೌಂಡ್ ಹಾರಿಕೊಂಡು ಬಂದು ಒಳಗೆ ಕೂತ್ಬಿಡಿ, ಸಾಕು. ಮೊದಲನೇ ಕಾರ್ಯಕ್ರಮಾನೇ ಭೂಮಿಯಿಂದ ಸ್ವಾಗತ ಭಾಷಣ!”